ತಿಂಗಳಿಗೆ 320 ರೂಪಾಯಿ, ಎದುರಿಗೆ ಜೈಲಿನ ಗೇಟು: ನಮ್ಮ ಓಣಿಯ ಕೇಬಲ್ ಹೇಗಿದೆ ಅಂದರೆ

ನಾನು 31 ವರ್ಷ ಪಿ.ಇ. ಮಾಸ್ತರಿಕೆ ಮಾಡಿ ನಿವೃತ್ತನಾದವನು. ಸೀಟಿ, ಸ್ಟಾಪ್‌ವಾಚು, ಸುಣ್ಣದ ಗೆರೆ, ಇಷ್ಟೇ ನನ್ನ ಲೋಕ. ಮನೆಗೆ ಕೇಬಲ್ ಹಾಕಿಸಿದ್ದೂ ಆಟ ನೋಡಲಿಕ್ಕೆಂದೇ. ಅದಕ್ಕೂ ಮೊದಲು ಮಾಳಿಗೆ ಮೇಲೆ ಡಿಶ್ ಇತ್ತು. ಬಳ್ಳಾರಿ ಗುಡ್ಡದ ಬುಡದಲ್ಲಿ ಮನೆ ಮಾಡಿದವರು ಕೋತಿಗಳ ಜೊತೆ ಮೊದಲೇ ಕರಾರು ಮಾಡಿಕೊಂಡಿರಬೇಕು, ನಾನು ಮಾಡಿಕೊಂಡಿರಲಿಲ್ಲ. ಎರಡು ವರ್ಷದಲ್ಲಿ ಮೂರು ಸಲ ಅವು ಡಿಶ್ಶಿನ ಮುಖವನ್ನು ಆಕಾಶದಿಂದ ಪಕ್ಕದ ಮನೆಯ ನೀರಿನ ಟ್ಯಾಂಕಿನ ಕಡೆಗೆ ತಿರುಗಿಸಿದವು. ಮೂರನೆಯ ಸಲ ನಾನೂ ಕೈಬಿಟ್ಟೆ. 2024ರ ಜುಲೈನಲ್ಲಿ, ಪ್ಯಾರಿಸ್ ಒಲಿಂಪಿಕ್ಸಿಗೆ ಇನ್ನೊಂದು ವಾರ ಇದೆ ಅನ್ನುವಾಗ, ಓಣಿಯ ಕೇಬಲ್ ಹುಡುಗನನ್ನು ಕರೆದೆ.

ಈಗ ವರ್ಷ ದಾಟಿದೆ. "ಹೆಂಗೈತಿ ಮಾಸ್ತ್ರೇ, ನಾವೂ ಹಾಕಿಸ್ಕಬೌದಾ?" ಅಂತ ನಾಲ್ಕು ಮನೆಯವರು ಕೇಳಿದ್ದಾರೆ. ಒಬ್ಬೊಬ್ಬರಿಗೂ ಕಟ್ಟೆ ಮೇಲೆ ಕೂತು ಹೇಳುವ ಬದಲು ಇಲ್ಲಿ ಬರೆದುಬಿಡುತ್ತೇನೆ. ಕೇಬಲ್‌ನವರ ಹೆಸರು ಹಾಕುವುದಿಲ್ಲ. ಹುಡುಗ ಒಳ್ಳೆಯವನು, ತಪ್ಪುಗಳು ಅವನವೇ ಆದರೂ.

ಮೊದಲು ಲೆಕ್ಕ. ಬಾಕ್ಸಿಗೆ 1,200 ಕೊಟ್ಟೆ, ತಿಂಗಳಿಗೆ 320. ರಸೀದಿ ಕೇಳಿದರೆ ಕೊಡುತ್ತಾರೆ, ಕೇಳದಿದ್ದರೆ ಇಲ್ಲ. ಚಿತ್ರ ಸ್ಪಷ್ಟ, ದನಿ ಸ್ಪಷ್ಟ, ಮಳೆ ಬಂದರೆ ಎರಡೂ ಇಲ್ಲ. ಬಳ್ಳಾರಿಯಲ್ಲಿ ಮಳೆ ಬರುವುದೇ ಕಮ್ಮಿ ಆದ್ದರಿಂದ ಇದನ್ನು ದೊಡ್ಡ ದೋಷ ಅನ್ನಲಾರೆ. ರಿಮೋಟು ಮಾತ್ರ ಯಾರದೋ ಮನೆಯಲ್ಲಿ ಬಾಳಿ ಬಂದದ್ದು. 7 ಒತ್ತಿದರೆ 77 ಬೀಳುತ್ತದೆ.

ಪ್ಯಾಕಿನ ಗುಟ್ಟು ನನಗೆ ಗೊತ್ತಾಗಿದ್ದು ಎರಡನೆಯ ವಾರದಲ್ಲಿ. ಕನ್ನಡದ ಸುದ್ದಿ ಚಾನೆಲ್‌ಗಳು ಬಹುತೇಕ ಪುಕ್ಕಟೆ. ಬೇಡ ಅಂದರೂ ಬರುತ್ತವೆ. ಆಟದ ಚಾನೆಲ್‌ಗಳಿಗೆ ಒಂದೊಂದಕ್ಕೂ ಬೆಲೆ. ನನಗೆ ಬೇಕಾದ ನಾಲ್ಕನ್ನು ಹಾಕಿಸಿದ್ದಕ್ಕೇ ಬಿಲ್ಲು 320ಕ್ಕೆ ಏರಿದ್ದು. "ಪುಕ್ಕಟೆ ಯಾಕೆ ಕೊಡ್ತಾರಪ್ಪ?" ಅಂದೆ. "ಸಾ, ನೀವು ನೋಡಿದ್ರೇನೇ ಅವ್ರಿಗೆ ಅಡ್ವಟೈಜು. ನೀವು ದುಡ್ಡು ಕೊಡಂಗಿಲ್ಲ, ಟೈಮ್ ಕೊಡ್ತೀರಿ" ಅಂದ. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟ ಹುಡುಗ. ಈ ಮಾತನ್ನು ನಾನು ಮುಂದಿನ ಹದಿನೈದು ತಿಂಗಳು ದಿನಾ ನೆನೆಸಿಕೊಂಡೆ.

ಆಗಸ್ಟ್ 8ರ ರಾತ್ರಿ 11:55ಕ್ಕೆ ಜಾವೆಲಿನ್ ಫೈನಲ್ಲು. ನೀರಜ್ ಚೋಪ್ರಾ ನಮಗೇನು ದೂರದವರಲ್ಲ. ಇಲ್ಲಿಂದ ಮೂವತ್ತು ಕಿಲೋಮೀಟರ್ ಆಸುಪಾಸಿನ ತೋರಣಗಲ್ಲಿನ ಹತ್ತಿರ, ವಿದ್ಯಾನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ತರಬೇತಿ ಪಡೆದವರು. 2018ರಲ್ಲಿ ಶುರುವಾದ ಕೇಂದ್ರ ಅದು. ಅಲ್ಲಿಯ ಟ್ರ್ಯಾಕ್ ನೋಡಿದರೆ ಸುಣ್ಣದ ಗೆರೆ ಎಳೆದು ಸೊಂಟ ಮುರಿದುಕೊಂಡ ನನ್ನಂಥವನಿಗೆ ಕಣ್ಣಲ್ಲಿ ನೀರು ಬರುತ್ತದೆ. ಆ ರಾತ್ರಿ ಅವರು ಎಸೆದ ಆರರಲ್ಲಿ ಐದು ಫೌಲು. ಲೆಕ್ಕಕ್ಕೆ ಬಂದದ್ದು ಎರಡನೆಯದು ಒಂದೇ, 89.45 ಮೀಟರ್, ಬೆಳ್ಳಿ. ನಮ್ಮ ಮನೆಯ ಚಿತ್ರ ನಿಂತದ್ದು ಸರಿಯಾಗಿ ಆ ಎರಡನೆಯ ಎಸೆತಕ್ಕೇ. ಕೈ ಹಿಂದಕ್ಕೆಳೆದಿದ್ದಾರೆ, ಎಡಗಾಲು ನೆಲ ಮುಟ್ಟಿಲ್ಲ, ಹಾಗೇ ನಿಂತರು. ಬಾಕ್ಸು ಆಫ್ ಮಾಡಿ ಆನ್ ಮಾಡುವಷ್ಟರಲ್ಲಿ ಎಲ್ಲಾ ಮುಗಿದು ಅವರು ಬೆವರು ಒರೆಸಿಕೊಳ್ಳುತ್ತಿದ್ದರು. ಉಳಿದ ಐದು ಫೌಲು ಚಾಚೂ ತಪ್ಪದೆ ಬಂದವು.

ಎರಡು ದಿನಕ್ಕೆ, ಆಗಸ್ಟ್ 10ರ ರಾತ್ರಿ, ತುಂಗಭದ್ರಾ ಡ್ಯಾಮಿನ 19ನೇ ಗೇಟು ಚೈನು ಕಳಚಿ ಕೊಚ್ಚಿಕೊಂಡು ಹೋಯಿತು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಭತ್ತ ಎಲ್ಲಾ ಆ ನೀರಿನ ಮೇಲೆ ನಿಂತದ್ದು. ಆ ವಾರ ಇದೇ ಪುಕ್ಕಟೆ ಚಾನೆಲ್‌ಗಳು ಗೇಟಿನ ಹತ್ತಿರವೇ ಟೆಂಟು ಹಾಕಿ, ಡ್ಯಾಮ್ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರು ಸ್ಟಾಪ್‌ಲಾಗ್, ಅಂದರೆ ತಾತ್ಕಾಲಿಕ ಅಡ್ಡಗೇಟು, ಇಳಿಸುವವರೆಗೂ ಒಂದೊಂದು ಗಂಟೆಯ ವರ್ತಮಾನ ಕೊಟ್ಟವು. ಸಿರುಗುಪ್ಪದ ನನ್ನ ಭಾವಮೈದ ಟಿವಿ ಬಿಟ್ಟು ಏಳಲಿಲ್ಲ. ಅದಕ್ಕೆ ಪೂರ್ತಿ ಅಂಕ. ಮುಂದೆ ನಾನು ಬೈಯುವುದಿದೆ, ಅದಕ್ಕೇ ಇದನ್ನು ಮೊದಲೇ ಹೇಳಿದ್ದು. ಕೆಲಸ ಬರುವುದಿಲ್ಲ ಅಂತಲ್ಲ ಅವರಿಗೆ.

ಆಗಸ್ಟ್ 29, ರಾಷ್ಟ್ರೀಯ ಕ್ರೀಡಾ ದಿನ. ಧ್ಯಾನ್‌ಚಂದರ ಹುಟ್ಟಿದ ದಿನ. ಊರಿನ ಒಂದು ಶಾಲೆಯಲ್ಲಿ ನನ್ನನ್ನು ಅತಿಥಿ ಮಾಡಿದ್ದರು. ಬೆಳಗ್ಗೆ ಹೊರಟರೆ ರಸ್ತೆಯಲ್ಲಿ ಜನವೋ ಜನ. ನಮ್ಮ ಮನೆಯಿಂದ ಸೆಂಟ್ರಲ್ ಜೈಲು ಇಪ್ಪತ್ತು ನಿಮಿಷದ ನಡಿಗೆ. ಚಿತ್ರದುರ್ಗದ ಯುವಕನೊಬ್ಬನ ಕೊಲೆ ಪ್ರಕರಣದಲ್ಲಿ ಜೂನ್ 11ರಂದು ಬಂಧಿತರಾಗಿದ್ದ ನಟ ದರ್ಶನ್ ಅವರನ್ನು ಪರಪ್ಪನ ಅಗ್ರಹಾರದಿಂದ ಇಲ್ಲಿಗೆ ತಂದದ್ದು ಆವತ್ತೇ. ಒಳಗೆ ಕುರ್ಚಿ ಹಾಕಿಕೊಂಡು ಸಿಗರೇಟು ಹಿಡಿದು ಕೂತ ಫೋಟೊ ಹೊರಗೆ ಬಂದಿತ್ತಲ್ಲ, ಅದರ ಪರಿಣಾಮ. ಶಾಲೆಯಲ್ಲಿ ನಾನು ಧ್ಯಾನ್‌ಚಂದರ ಬಗ್ಗೆ ಹೇಳುತ್ತಿದ್ದರೆ ಹಿಂದಿನ ಸಾಲಿನ ಹುಡುಗರು ಕಿಟಕಿ ಕಡೆ ನೋಡುತ್ತಿದ್ದರು. ಹೆಡ್‌ಮಾಸ್ತರು ಸಹ ಒಂದು ಸಲ ನೋಡಿದರು.

ಮನೆಗೆ ಬಂದು ಟಿವಿ ಹಾಕಿದೆ. ಆಚೆ ಕಂಡದ್ದೇ ಒಳಗೂ. ವ್ಯಾನು ಎಲ್ಲಿ ಬಂತು, ಯಾವ ಟೋಲು ದಾಟಿತು, ಯಾವ ಬಣ್ಣದ ಟೀಶರ್ಟು. ನೇರ ಪ್ರಸಾರದ ಓಬಿ ವ್ಯಾನುಗಳ ಮುಂದೆ ಉಗ್ಗಾಣಿ-ಮಿರ್ಚಿ ಗಾಡಿಯವನೊಬ್ಬ ಮಧ್ಯಾಹ್ನದೊಳಗೆ ಮೂರು ಸಲ ಮಂಡಕ್ಕಿ ಚೀಲ ತರಿಸಿದನಂತೆ. ಕೇಬಲ್ ಹುಡುಗನಿಗೆ ವಾರದಲ್ಲಿ ಹನ್ನೊಂದು ಹೊಸ ಕನೆಕ್ಷನ್ನು. ಕೈದಿ ನಂಬರು 511 ಅಂತ ಗೊತ್ತಾಗಿದ್ದೇ ತಡ, ಹಿಂದಿನ 6106 ಅನ್ನು ಬೈಕಿನ ಮೇಲೆ ಬರೆಸಿದವರಿಗೆ ಪೇಂಟರನ್ನು ಮತ್ತೆ ಹುಡುಕುವ ಕೆಲಸ. ಆಮೇಲೆ ಬೆನ್ನು ನೋವು. ಆಮೇಲೆ ಕುರ್ಚಿ. ಆಮೇಲೆ, ಸೆಲ್ಲಿನಲ್ಲಿ ಟಿವಿ ಕೇಳಿದ್ದಾರೆ ಅನ್ನುವ ಸುದ್ದಿ, ಕೊಟ್ಟರು ಅನ್ನುವ ಸುದ್ದಿ. ಹುಡುಗನನ್ನು ಕೇಳಿದೆ. "ಆ ಲೈನು ನಂದಲ್ಲ ಸಾ, ನಂದಾಗಿದ್ರೆ ಬೋರ್ಡ್ ಹಾಕ್ತಿದ್ದೆ" ಅಂದ.

ಆಗ ನನ್ನ ಕಿವಿಗೆ ಬಿದ್ದದ್ದು ವಚನ. ನಾನು ಕನ್ನಡ ಮಾಸ್ತರಲ್ಲ, ಆದರೆ ಮೈದಾನದಲ್ಲಿ ಸಾವಿರಾರು ಮಕ್ಕಳನ್ನು ಏಕವಚನದಲ್ಲಿ ಕೂಗಿದವನು. ಯಾರಿಗೆ 'ಬಾರೋ', ಯಾರಿಗೆ 'ಬನ್ನಿ' ಅನ್ನುವ ಲೆಕ್ಕ ನನಗೂ ಗೊತ್ತು. ನಾನು ನೋಡುತ್ತಿದ್ದ ಹೊತ್ತಿನಲ್ಲಿ ಟಿವಿಯಲ್ಲಿ ನಟರು ಬಂದರು, ಉಂಡರು, ಮಲಗಿದರು, ಎದ್ದರು. ಎಲ್ಲಾ ಬಹುವಚನ. ಕೊಲೆಯಾದ ಹುಡುಗ ಬಂದಿದ್ದ, ಕಳಿಸಿದ್ದ, ಸತ್ತ. ಏಕವಚನ. ಆರೋಪ ಸಾಬೀತಾಗುವ ತನಕ ಮರ್ಯಾದೆಯಿಂದ ಮಾತಾಡಬೇಕು ಅನ್ನುವುದು ನಿಯಮವಾದರೆ ನನಗೆ ಸಂತೋಷವೇ. ಇದನ್ನು ಬರೆಯುವಾಗ ನಾನೂ 'ಅವರು' ಅಂತಲೇ ಬರೆದಿದ್ದೇನೆ, ವಿಚಾರಣೆ ಮುಗಿದಿಲ್ಲ, ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆ ಮರ್ಯಾದೆ ಸತ್ತವನಿಗೆ ಯಾಕೆ ಸಿಗಲಿಲ್ಲ, ಬೇರೆ ಆರೋಪ ಹೊತ್ತವರಿಗೆ ಯಾಕೆ ಸಿಗುವುದಿಲ್ಲ ಅಂತ ಕೇಳುತ್ತಿದ್ದೇನೆ ಅಷ್ಟೆ.

ಬೇರೆ ಆರೋಪ ಅಂದರೆ ನನ್ನ ಕಸುಬಿನದು. ಡೋಪಿಂಗ್, ಉದ್ದೀಪನ ಮದ್ದಿನ ಆರೋಪ.

ನಟರು ಬಳ್ಳಾರಿಗೆ ಬಂದ ಹಿಂದಿನ ದಿನ, ಆಗಸ್ಟ್ 28ರಂದು, ಪ್ಯಾರಿಸ್‌ನಲ್ಲಿ ಪ್ಯಾರಾಲಿಂಪಿಕ್ಸ್ ಶುರುವಾಗಿತ್ತು. ನಟರು ಬಂದ ಮರುದಿನ, 30ಕ್ಕೆ, ಅವನಿ ಲೇಖರಾ ಶೂಟಿಂಗ್‌ನಲ್ಲಿ ಚಿನ್ನ ಹೊಡೆದರು. ಸೆಪ್ಟೆಂಬರ್ 2ರಂದು ಬ್ಯಾಡ್ಮಿಂಟನ್ನಿನಲ್ಲಿ, ಕಾಲಿನ ಊನ ಇದ್ದವರ ಎಸ್‌ಎಲ್3 ವಿಭಾಗದಲ್ಲಿ ನಿತೇಶ್ ಕುಮಾರ್ ಚಿನ್ನ, ಊನ ಅದಕ್ಕಿಂತ ಕಮ್ಮಿ ಇದ್ದವರ ಎಸ್‌ಎಲ್4ರಲ್ಲಿ ನಮ್ಮ ಕನ್ನಡಿಗ ಸುಹಾಸ್ ಯತಿರಾಜ್ ಬೆಳ್ಳಿ. ಒಟ್ಟು 29 ಪದಕ. ನನ್ನ 320 ರೂಪಾಯಿ ಪ್ಯಾಕಿನಲ್ಲಿ ಅದು ಬರಲಿಲ್ಲ, ಮೊಮ್ಮಗನ ಫೋನಿನಲ್ಲಿ ನೋಡಿದೆ. ಕೇಬಲ್ಲಿಗೆ ಇದೊಂದು ದೊಡ್ಡ ಮೈನಸ್, ಬರೆದುಕೊಳ್ಳಿ.

ಆ ಎಸ್‌ಎಲ್3 ವಿಭಾಗದಲ್ಲಿ ಟೋಕಿಯೊದ ಚಿನ್ನ ಪ್ರಮೋದ್ ಭಗತ್ ಅವರದು. ಪ್ಯಾರಿಸ್‌ಗೆ ಅವರು ಹೋಗಲಿಲ್ಲ. 18 ತಿಂಗಳ ನಿಷೇಧ. ಹೆಡ್‌ಲೈನಿನಲ್ಲಿ 'ಡೋಪಿಂಗ್' ಅಂತ ಓದಿ ನಮ್ಮ ಕಟ್ಟೆಯವರೆಲ್ಲ "ಅವನೂ ತಗಂಡಿದ್ನಾ?" ಅಂದರು. ಏನೂ ತೆಗೆದುಕೊಂಡಿರಲಿಲ್ಲ. ದೊಡ್ಡ ಮಟ್ಟದ ಆಟಗಾರರು ದಿನಾ ಒಂದು ಗಂಟೆ ಎಲ್ಲಿ ಸಿಗುತ್ತೇವೆ ಅಂತ ಮುಂಚೆಯೇ ಬರೆದು ಕೊಡಬೇಕು, ಪರೀಕ್ಷೆಯವರು ಹೇಳದೆ ಕೇಳದೆ ಬರುತ್ತಾರೆ. ಹನ್ನೆರಡು ತಿಂಗಳಲ್ಲಿ ಮೂರು ಸಲ ತಪ್ಪಿದರೆ ಔಷಧ ತೆಗೆದುಕೊಂಡಷ್ಟೇ ತಪ್ಪು. ಅವರದು ಆ ಕೇಸು. ಇದನ್ನು ಕಟ್ಟೆಗೆ ವಿವರಿಸಲು ನನಗೆ ಎರಡು ಚಹಾ ಹಿಡಿಯಿತು. ಜೈಲಿನ ಕುರ್ಚಿ ಎಂಥದ್ದು ಅಂತ ಅರ್ಧ ಗಂಟೆ ತೋರಿಸಿದ ಚಾನೆಲ್ಲಿಗೆ ಇದಕ್ಕೆ ಎರಡು ನಿಮಿಷ ಸಾಕಿತ್ತು.

ನನಗೆ 2011 ಮರೆಯುವುದಿಲ್ಲ. ಆಗ ನಾನಿನ್ನೂ ಸರ್ವಿಸಿನಲ್ಲಿದ್ದೆ. ಹಿಂದಿನ ವರ್ಷ ಉಡುಪಿ ಕಡೆಯ ಅಶ್ವಿನಿ ಅಕ್ಕುಂಜಿ ದೆಹಲಿ ಕಾಮನ್‌ವೆಲ್ತ್ ಗೇಮ್ಸಿನ 4x400 ರಿಲೇಯಲ್ಲಿ ಓಡಿದ್ದನ್ನು ನೋಡಿ ನಮ್ಮ ಶಾಲೆಯ ಹೆಣ್ಣುಮಕ್ಕಳು ಬ್ಯಾಟನ್ ಬದಲು ಲಟ್ಟಣಿಗೆ ಹಿಡಿದು ಓಡುತ್ತಿದ್ದರು. ಗ್ವಾಂಗ್‌ಜೌ ಏಷ್ಯನ್ ಗೇಮ್ಸ್‌ನಲ್ಲಿ 400 ಮೀಟರ್ ಹರ್ಡಲ್ಸ್ ಚಿನ್ನವೂ ಬಂತು. 2011ರ ಜುಲೈಯಲ್ಲಿ ಅವರೂ, ಅವರ ಜೊತೆಯ ಓಟಗಾರ್ತಿಯರೂ ಸ್ಟಿರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್ ಚೀನಾದಿಂದ ತಂದ ಜಿನ್‌ಸೆಂಗ್ ಅನ್ನುವ ಬೇರಿನ ಔಷಧ ಕೊಟ್ಟಿದ್ದರು, ಅದರಲ್ಲಿ ಬೆರಕೆ ಇತ್ತು ಅಂತ ಓಟಗಾರ್ತಿಯರ ವಾದ. ಕೋಚನ್ನು ತೆಗೆದರು. ವಿಚಾರಣೆ ಮಾಡಿದ ಸಮಿತಿ ಆ ವಾದಕ್ಕೆ ಬೆಲೆ ಕೊಟ್ಟು ಒಂದು ವರ್ಷದ ನಿಷೇಧ ಹಾಕಿತು, ಮುಂದೆ 2012ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನು ಎರಡು ವರ್ಷ ಮಾಡಿತು. ಇವೆಲ್ಲ ಆಮೇಲಿನ ಮಾತು. ಜುಲೈ ತಿಂಗಳಲ್ಲೇ ನಾನು ನೋಡಿದ ಸುದ್ದಿಗಳಲ್ಲಿ 'ಚಿನ್ನದ ಹುಡುಗಿ' ಹೋಗಿ 'ಕಳಂಕಿತೆ' ಬಂದಾಗಿತ್ತು. ಜಿನ್‌ಸೆಂಗ್ ಅನ್ನುವ ಪದ ನಮ್ಮ ಸ್ಟಾಫ್ ರೂಮಿನಲ್ಲಿ ನಗೆಚಾಟಿಕೆ ಆಯಿತು. ಲಟ್ಟಣಿಗೆಗಳು ಅಡುಗೆಮನೆಗೆ ವಾಪಸಾದವು.

ಅದೇ ವರ್ಷ, ಎರಡು ತಿಂಗಳಿಗೆ, ಸೆಪ್ಟೆಂಬರ್‌ನಲ್ಲಿ ಇದೇ ನಟರ ಬಂಧನ. ಪತ್ನಿಯ ಮೇಲೆ ಹಲ್ಲೆಯ ಆರೋಪ. ಪತ್ನಿ ಆಮೇಲೆ ದೂರಿನಿಂದ ಹಿಂದೆ ಸರಿದರು. ಆಗ ಶಿಕ್ಷೆ ಯಾರಿಗೆ ಆಯಿತು ನೆನಪಿದೆಯೇ? ಗಂಡ ಹೆಂಡಿರ ಜಗಳಕ್ಕೆ ಕಾರಣ ಅಂತ ಸಿನಿಮಾ ನಿರ್ಮಾಪಕರ ಸಂಘ ನಟಿ ನಿಖಿತಾ ಅವರನ್ನು ಮೂರು ವರ್ಷ ಬಹಿಷ್ಕರಿಸಿತು! ಎಲ್ಲಾ ಕಡೆಯಿಂದ ಛೀಮಾರಿ ಬಿದ್ದ ಮೇಲೆ ವಾಪಸ್ ತೆಗೆದುಕೊಂಡರು ಅನ್ನಿ. ನಟರು ಜೈಲಿನಲ್ಲಿರುವಾಗಲೇ ಅವರ ಚಿತ್ರ ಬಿಡುಗಡೆಯಾಗಿ ಭರ್ಜರಿ ಓಡಿತು. ಬಳ್ಳಾರಿಯಲ್ಲೂ ಕಟೌಟಿಗೆ ಹಾಲು ಎರೆದರು, ನಮ್ಮ ಶಾಲೆಯ ಕೆಲವು ಹುಡುಗರು ರಜಾ ಚೀಟಿ ಇಲ್ಲದೆ ನಾಪತ್ತೆ. ಮಾರನೇ ದಿನ ಅವರನ್ನು ಮೈದಾನ ಹತ್ತು ಸುತ್ತು ಓಡಿಸಿದೆ. ಖುಷಿಯಿಂದ ಓಡಿದರು.

ಹುಷಾರಾಗಿ ಹೇಳಬೇಕು, ಡೋಪಿಂಗ್ ಸಣ್ಣ ವಿಷಯ ಅಂತ ನಾನು ಹೇಳುತ್ತಿಲ್ಲ. ಕಳ್ಳತನವೇ ಅದು, ಪಕ್ಕದ ಲೇನಿನವಳ ಪದಕದ ಕಳ್ಳತನ. ಡೋಪಿಂಗ್ ತಡೆಯುವ ಜಾಗತಿಕ ಸಂಸ್ಥೆ ವಾಡಾದ 2023ರ ಲೆಕ್ಕದಲ್ಲಿ ಭಾರತದ 5,606 ಸ್ಯಾಂಪಲ್ಲುಗಳಲ್ಲಿ 200ಕ್ಕೂ ಮೇಲೆ ಪಾಸಿಟಿವ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ದೆಹಲಿ ರಾಜ್ಯ ಅಥ್ಲೆಟಿಕ್ಸ್ ಕೂಟಕ್ಕೆ ನಮ್ಮ ದೇಶದ ಅಂಥದ್ದೇ ಸಂಸ್ಥೆ ನಾಡಾದವರು ಬಂದರು ಅಂತ ಗೊತ್ತಾಗುತ್ತಲೇ 100 ಮೀಟರ್ ಫೈನಲ್ಲಿನಲ್ಲಿ ಒಬ್ಬನೇ ಓಡಿದ, ಉಳಿದವರು ಮಾಯ. ಸ್ಟೇಡಿಯಮ್ಮಿನ ಪಾಯಖಾನೆಯಲ್ಲಿ ಸಿರಿಂಜುಗಳು. ಇಂಥದ್ದರ ಹಿಂದೆ ಹೋಗಿ, ಯಾರು ಮಾರುತ್ತಾರೆ, ಯಾವ ಕೋಚು ಚುಚ್ಚುತ್ತಾನೆ ಅಂತ ಬಗೆದು ತೆಗೆಯಿರಿ, ನಾನೇ ಚಹಾ ಕೊಡುತ್ತೇನೆ. ಅದನ್ನು ಮಾಡಬೇಕಾದರೆ ಗೇಟಿನ ಮುಂದೆ ಮೈಕು ಹಿಡಿದು ನಿಂತರೆ ಸಾಲದು. ಹುಡುಗಿಯ ಫೋಟೊ ಹಾಕಿ ಮೇಲೆ ಕೆಂಪು ಇಂಟು ಗುರುತು ಹೊಡೆಯುವುದು ಸುಲಭ.

ಆಟದ ಒಳಗೂ ಎರಡು ಪಂಕ್ತಿ ಇದೆ. 2019ರಲ್ಲಿ ಕ್ರಿಕೆಟಿಗ ಪೃಥ್ವಿ ಶಾ ಅವರಿಗೆ ಎಂಟು ತಿಂಗಳ ನಿಷೇಧ, ಟರ್ಬುಟಾಲಿನ್ ಅನ್ನುವ ಔಷಧಕ್ಕೆ. ಕೆಮ್ಮಿನ ಸಿರಪ್ ಕುಡಿದಿದ್ದೆ ಅಂದರು, ಕ್ರಿಕೆಟ್ ಮಂಡಳಿ ಒಪ್ಪಿತು. ಜುಲೈ ಕೊನೆಗೆ ಹೇಳಿದ ಶಿಕ್ಷೆಯನ್ನು ಮಾರ್ಚಿಯಿಂದಲೇ ಲೆಕ್ಕ ಹಿಡಿದರು, ನವೆಂಬರ್‌ಗೆ ಮುಗಿಯಿತು. ಹುಡುಗ ನಿಜವನ್ನೇ ಹೇಳಿರಬಹುದು, ನನಗೆ ಅನುಮಾನವಿಲ್ಲ. ಎಲ್ಲರೂ "ಪಾಪ, ಕೆಮ್ಮು" ಅಂದರು. ಕ್ರಿಕೆಟಿಗನ ಕೆಮ್ಮು ನಂಬಿದ ದೇಶ ಓಟಗಾರ್ತಿಯ ಜ್ವರ ನಂಬುವುದಿಲ್ಲ.

ಜ್ವರ ಅಂದದ್ದು ಸುಮ್ಮನೆ ಅಲ್ಲ. ಸಿರುಗುಪ್ಪ ತಾಲೂಕಿನ ಒಂದು ಹಳ್ಳಿಯ ಹುಡುಗಿ, ಹೆಸರು ಬೇಡ, 800 ಮೀಟರ್ ಓಡುತ್ತಿದ್ದಳು. ಏಳನೇ ಕ್ಲಾಸಿನಿಂದ ನಾನೇ ಓಡಿಸಿದ್ದು. ಕೊನೆಯ 200 ಮೀಟರಿನಲ್ಲಿ ಅವಳ ಮೊಣಕೈ ಒಳಗೆ ಬರುತ್ತಿತ್ತು, ಅದನ್ನು ತಿದ್ದಲು ಎರಡು ವರ್ಷ ಬೇಕಾಯಿತು. ಕಾಲೇಜಿಗೆ ಹೋದ ಮೇಲೆ ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಆಯ್ಕೆಯಾದಳು. ಹೊರಡುವ ಹಿಂದಿನ ದಿನ ಮೈ ಸುಡುವ ಜ್ವರ. ಅಪ್ಪ ಊರಿನ ಆರ್‌ಎಂಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಅವರು ಎಲ್ಲರಿಗೂ ಚುಚ್ಚುವುದನ್ನೇ ಚುಚ್ಚಿದರು. ಡೆಕ್ಸಾ. ನಮ್ಮ ಹಳ್ಳಿಗಳಲ್ಲಿ ಡೆಕ್ಸಾ ಅಂದರೆ ಗಂಟೆಯೊಳಗೆ ಎದ್ದು ಓಡಾಡಿಸುವ ಪವಾಡ. ಡೆಕ್ಸಾಮೆಥಾಸೋನ್ ಅನ್ನುವುದು ಸ್ಪರ್ಧೆಯ ಹೊತ್ತಿಗೆ ಮೈಯಲ್ಲಿರಬಾರದ ಔಷಧ ಅಂತ ಆರ್‌ಎಂಪಿಗೆ ಗೊತ್ತಿಲ್ಲ, ಅಪ್ಪನಿಗೆ ಗೊತ್ತಿಲ್ಲ. ಚಿಕಿತ್ಸೆಗೆ ಬೇಕೆಂದರೆ ಅರ್ಜಿ ಹಾಕಿ ವಿನಾಯಿತಿ ಪಡೆಯುವ ದಾರಿ ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಅವಳು ನನ್ನನ್ನು ಕೇಳಲಿಲ್ಲ, ನಾನೂ ಫೋನ್ ಮಾಡಿ "ಏನೂ ಚುಚ್ಚಿಸ್ಕಬೇಡ" ಅನ್ನಲಿಲ್ಲ. ಆ ಪಾಲು ನನ್ನದು.

ಓಟ ಮುಗಿದ ಮೇಲೆ ಪರೀಕ್ಷೆಯ ಹೆಂಗಸು ಅವಳ ಹಿಂದೆಯೇ ನಡೆದಳಂತೆ, ನೀರು ಕುಡಿಯುವ ಕಡೆಗೂ, ಒಳಗೂ. ಆ ಹೆಂಗಸಿನ ಕಣ್ಣೆದುರೇ ಮೂತ್ರ ಹಿಡಿದು ಕೊಡಬೇಕು, ಪರೀಕ್ಷೆಗೆ ಎ ಬಾಟಲಿ, ಮರುಪರೀಕ್ಷೆಗೆ ಬಿ ಬಾಟಲಿ. ವಾರಗಳು ಕಳೆದ ಮೇಲೆ ಇಂಗ್ಲಿಷಿನಲ್ಲಿ ಕಾಗದ ಬಂತು. ಕಾಗದ ಓದಿಸಿಕೊಳ್ಳಲು ಅವಳು ನಮ್ಮ ಮನೆಗೆ ಬರುವ ಮುಂಚೆಯೇ ಪೇಪರಿನಲ್ಲಿ ಬಂದಿತ್ತು. ಐದು ಸಾಲು. ಹೆಸರು, ಊರು, ಅಪ್ಪ ಕೂಲಿ ಅನ್ನುವುದು, ಮತ್ತು 'ಉದ್ದೀಪನ ಮದ್ದು ಸೇವಿಸಿ ಸಿಕ್ಕಿಬಿದ್ದಳು'. ಸಿಕ್ಕಿಬಿದ್ದಳು. ಏಕವಚನ. ನಾನು ಆ ಪೇಪರಿನ ಆಫೀಸಿಗೆ ಫೋನ್ ಮಾಡಿ, ಅದು ಜ್ವರದ ಇಂಜೆಕ್ಷನ್ನು, ವಿಚಾರಣೆಯೇ ಆಗಿಲ್ಲ, ಅದನ್ನೂ ಒಂದು ಸಾಲು ಹಾಕಿ ಅಂದೆ. "ನೋಡ್ತೀವಿ ಸಾರ್, ಇವತ್ತು ಜಾಗ ಟೈಟು" ಅಂದರು. ಆವತ್ತಿನ ಸಿನಿಮಾ ಪುಟದಲ್ಲಿ ಒಬ್ಬ ಹೀರೋ ಹೊಸ ನಾಯಿಮರಿ ತಂದದ್ದಕ್ಕೆ ಅರ್ಧ ಪುಟ ಜಾಗ ಇತ್ತು. ನಾಯಿಮರಿ ಚೆನ್ನಾಗಿತ್ತು, ಅದರ ಮೇಲೆ ನನಗೇನೂ ಸಿಟ್ಟಿಲ್ಲ.

ಅವಳಿಗೆ ಒಂದು ವರ್ಷದ ನಿಷೇಧ ಆಯಿತು. ಉದ್ದೇಶವಿರಲಿಲ್ಲ ಅಂತ ಒಪ್ಪಿಕೊಂಡೇ ಹಾಕಿದ್ದು. ಮೈಯಲ್ಲಿ ಏನಿದೆಯೋ ಅದಕ್ಕೆ ಆಟಗಾರನೇ ಹೊಣೆ ಅನ್ನುವುದು ಆ ಕಾನೂನಿನ ಬೆನ್ನೆಲುಬು, ಅದನ್ನು ನಾನು ಒಪ್ಪುತ್ತೇನೆ, ಇಲ್ಲದಿದ್ದರೆ ಎಲ್ಲರೂ ಜ್ವರ ಅನ್ನುತ್ತಾರೆ. ವರ್ಷ ಮುಗಿದ ಸುದ್ದಿ ಎಲ್ಲೂ ಬರಲಿಲ್ಲ. ಊರಿನಲ್ಲಿ "ಮದ್ದಿನ ಹುಡುಗಿ" ಅನ್ನುವ ಹೆಸರು ನಿಂತಿತು. ಅವಳು ಸ್ಪೈಕ್ಸ್ ಶೂ ನನಗೆ ತಂದು ಕೊಟ್ಟು, ಬಳ್ಳಾರಿಯ ಒಂದು ಜೀನ್ಸ್ ಹೊಲಿಯುವ ಘಟಕಕ್ಕೆ ಸೇರಿದಳು. ಈಗಲೂ ಅಲ್ಲೇ ಇದ್ದಾಳೆ. ಜೇಬು ಹಚ್ಚುವ ಮಿಷನ್ನು.

ಹೆಂಡತಿ ಒಂದು ಸಲ ನನ್ನನ್ನೇ ತಿರುಗಿ ಕೇಳಿದಳು: "ಆ ನಟನ್ನ ಟಿವಿಯೋರು ಬಿಟ್ಟಾರೇನು? ಮೂರು ತಿಂಗ್ಳಾತು ಹರೀತಾ ಅದಾರೆ." ನಿಜ. ಬೈದದ್ದರಲ್ಲಿ ಕಮ್ಮಿ ಇಲ್ಲ. ಆದರೆ ಬೈಗುಳವೂ ಧಾರಾವಾಹಿ. ಅದರಲ್ಲಿ ತಾಯಿ ಬರುತ್ತಾಳೆ, ಹೆಂಡತಿ ಗುಡಿಗೆ ಹೋಗುತ್ತಾಳೆ, ಬೆನ್ನು ನೋಯುತ್ತದೆ, ಅಭಿಮಾನಿ ಅಳುತ್ತಾನೆ, ಮುಂದಿನ ಸಿನಿಮಾ ಏನಾಗುತ್ತದೆ ಅನ್ನುವ ಕುತೂಹಲ ಇರುತ್ತದೆ. ಮನುಷ್ಯ ಪೂರ್ತಿ ಕಾಣುತ್ತಾನೆ. ಜಾಸ್ತಿಯಾದರೆ ತಡೆಯುವ ದಾರಿಯೂ ಉಂಟು, ಚಾರ್ಜ್‌ಶೀಟಿನ ಗೋಪ್ಯ ವಿವರ ಬಿತ್ತರಿಸಬಾರದು ಅಂತ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ತಡೆ ಕೊಟ್ಟಿತು. ಒಳ್ಳೆಯದೇ ಆಯಿತು. ನನ್ನ ಹುಡುಗಿಯ ಅಪ್ಪ ಐದು ಸಾಲಿಗೆ ತಡೆ ತರಲು ಯಾವ ಬಸ್ಸು ಹತ್ತಬೇಕಿತ್ತು?

ನಾನು ಸಾಚಾ ಅಂತ ತಿಳಿಯಬೇಡಿ. ಸೆಪ್ಟೆಂಬರ್ ಪೂರ್ತಿ ನಾನೂ ನೋಡಿದೆ. ರಾತ್ರಿ ಒಂಬತ್ತಕ್ಕೆ ಕೈ ತಾನಾಗಿಯೇ ರಿಮೋಟಿಗೆ ಹೋಗುತ್ತಿತ್ತು, 7 ಒತ್ತಿ 77 ಬಿದ್ದರೂ ಬಿಡದೆ ಮತ್ತೆ ಒತ್ತುತ್ತಿದ್ದೆ. ಹುಡುಗ ಹೇಳಿದ ಹಾಗೆ ಟೈಮ್ ಕೊಟ್ಟೆ.

ಅಕ್ಟೋಬರ್ 30. ಮರುದಿನ ನರಕ ಚತುರ್ದಶಿ. ಬೆನ್ನಿನ ಚಿಕಿತ್ಸೆಗೆ ಅಂತ ಹೈಕೋರ್ಟು ಆರು ವಾರದ ಮಧ್ಯಂತರ ಜಾಮೀನು ಕೊಟ್ಟಿತ್ತು, ಸಂಜೆ ಬಿಡುಗಡೆ. ಜೈಲಿನ ಕಡೆಯ ರಸ್ತೆಗಳೆಲ್ಲ ಕಿಕ್ಕಿರಿದು ತುಂಬಿದ್ದವು. ಜೀನ್ಸ್ ಘಟಕ ಬಿಟ್ಟು ಬರುತ್ತಿದ್ದ ನನ್ನ ಹುಡುಗಿ ಸ್ಕೂಟಿ ಮುಂದೆ ಹೋಗದೆ ನಮ್ಮ ಮನೆಗೆ ಬಂದಳು. ಹಬ್ಬಕ್ಕೆ ಅಂತ ಮಗನಿಗೆ ಕೊಂಡ ಸುರ್‌ಸುರ್‌ಬತ್ತಿ ಪ್ಯಾಕೆಟ್ಟು ಕೈಯಲ್ಲಿ. ಹೆಂಡತಿ ಒಗ್ಗರಣೆ ಮಂಡಕ್ಕಿ ಕೊಟ್ಟಳು. ಟಿವಿ ಹಾಕಿಯೇ ಇತ್ತು. ಗೇಟು ತೆರೆಯುತ್ತದೆ, ತೆರೆಯುವುದಿಲ್ಲ, ಈಗ ತೆರೆಯುತ್ತದೆ ಅಂತ ಒಂದು ಗಂಟೆ. ಅವಳು ತಟ್ಟೆ ಹಿಡಿದುಕೊಂಡು ಸುಮ್ಮನೆ ನೋಡುತ್ತಿದ್ದಳು. ಕಾರು ಹೊರಗೆ ಬಂತು, ಕ್ಯಾಮೆರಾಗಳು ಹಿಂದೆ ಓಡಿದವು. ಸರ್ಜರಿ ಎಲ್ಲಿ, ಡಾಕ್ಟರ್ ಯಾರು ಅಂತ ಚರ್ಚೆ ಶುರುವಾಯಿತು.

"ಸಾ," ಅಂದಳು, "ಅವ್ರಿಗೆ ಯಾವ್ ಇಂಜೆಕ್ಷನ್ ಕೊಡ್ತಾರಂತೆ?"

ನಾನು ಚಾನೆಲ್ ಬದಲಿಸಲು ಹೋದೆ. ರಿಮೋಟು 77ಕ್ಕೆ ಹೋಯಿತು. ಅಲ್ಲಿ ತೆಲುಗು ಅಡುಗೆ ಕಾರ್ಯಕ್ರಮ ಬರುತ್ತಿತ್ತು. ಅದನ್ನೇ ನೋಡಿದೆವು.

ಇನ್ನು ನವೀಕರಣದ ವಿಷಯ. ವರ್ಷದ ದುಡ್ಡು ಒಟ್ಟಿಗೆ ಕೊಟ್ಟರೆ ಒಂದು ತಿಂಗಳು ಬಿಡುತ್ತಾನೆ, ಕೇಳಿ ಪಡೆಯಿರಿ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ನಟರಿಗೆ ಆಮೇಲೆ ಸಿಕ್ಕಿದ್ದ ಪೂರ್ಣ ಜಾಮೀನು ರದ್ದು ಮಾಡಿದಾಗ, ಮತ್ತೆ ಬಳ್ಳಾರಿಗೇ ಕಳಿಸುತ್ತಾರೆ ಅನ್ನುವ ಮಾತು ಎದ್ದಿತ್ತು. ಹುಡುಗ ಮೂವತ್ತು ಬಾಕ್ಸು ಮುಂಗಡ ತರಿಸಿಟ್ಟ. ಬಳ್ಳಾರಿಗೆ ಕಳಿಸಲು ಬೆಂಗಳೂರಿನ ಕೋರ್ಟು ಒಪ್ಪಲಿಲ್ಲ, ಬಾಕ್ಸುಗಳು ಹಾಗೇ ಕೂತಿವೆ, ಹೀಗಾಗಿ ಈಗ ಹಾಕಿಸಿದರೆ 1,200ರದ್ದು 900ಕ್ಕೆ ಸಿಗುತ್ತದೆ. ಚೌಕಾಸಿ ಮಾಡಿದರೆ 850.

ಸುದ್ದಿ ಚಾನೆಲ್‌ಗಳನ್ನು ತೆಗೆಸಿ ಅಂತ ಕೇಳಿ ನೋಡಿದೆ. "ತೆಗೀಬೌದು ಸಾ, ಆದ್ರೆ ಅವು ಪುಕ್ಕಟೆ, ತೆಗೆದ್ರೂ ಬಿಲ್ ಅಷ್ಟೇ ಬರ್ತೈತಿ" ಅಂದ. ಹಾಗಾದರೆ ಇರಲಿ, ಡ್ಯಾಮಿನ ಗೇಟಿಗೆ ಬೇಕಾಗುತ್ತದೆ ಅಂದೆ. ಕೊನೆಗೆ ನನ್ನ ಅಂಕ: ಚಿತ್ರಕ್ಕೆ ನಾಲ್ಕು, ಹುಡುಗನ ಸ್ವಭಾವಕ್ಕೆ ಐದು, ರಿಮೋಟಿಗೆ ಒಂದು, ಆಟ ತೋರಿಸಿದ್ದಕ್ಕೆ ಎರಡು. ಎರಡನೆಯ ಎಸೆತ ಕಂಡಿದ್ದರೆ ಮೂರು ಕೊಡುತ್ತಿದ್ದೆ. ದೂರು ಹೇಳುವುದಿದ್ದರೆ ಬೆಳಗ್ಗೆ ಒಂಬತ್ತರೊಳಗೆ ಫೋನ್ ಮಾಡಿ, ಆಮೇಲೆ ಅವನು ಕಂಬ ಹತ್ತಿರುತ್ತಾನೆ, ಎತ್ತುವುದಿಲ್ಲ.